ಓದಲು ಬರುತ್ತದೆ, ಅರ್ಥವಾಗುವುದಿಲ್ಲ

ಮುಂಬಯಿಯ ಕನ್ನಡ ಕುಟುಂಬಗಳಿಂದ ಆಪ್ತಸಲಹೆಗೆಂದು ನನ್ನ ಬಳಿಗೆ ಬರುವವರಲ್ಲಿ ಕೊಲ್ಲಿ ರಾಷ್ಟ್ರಗಳಿಗೋ ಕೆನಡಾಕ್ಕೋ ಹೋದವರ ಒಂಟಿತನವನ್ನು ಮನೆಮಂದಿ ತಕ್ಕಮಟ್ಟಿಗೆ ಒಪ್ಪಿಕೊಂಡಿರುತ್ತಾರೆ. ಕೊಲಂಬೊ, ಢಾಕಾ, ಕಠ್ಮಂಡುಗಳಿಗೆ ಉದ್ಯೋಗದ ಮೇಲೆ ಹೋದವರ ವಿಷಯ ಹಾಗಲ್ಲ. ತಮ್ಮ ದುಃಖಕ್ಕೆ ತಕ್ಕಷ್ಟು ದೂರಕ್ಕೆ ತಾವು ಹೋಗಿಲ್ಲವೆಂಬ ಸಂಕೋಚವನ್ನು ಅವರಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದೇನೆ. ಆ ಸಂಕೋಚವೇ ಅವರನ್ನು ಹೆಚ್ಚು ದಣಿಸುತ್ತದೆಂದು ನನಗೆ ಮನದಟ್ಟಾದದ್ದು ಈ ಪ್ರಕರಣದಿಂದ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಅವರನ್ನು ಸುಮತಿ ಎಂದು ಕರೆಯೋಣ. ವಯಸ್ಸು ಮೂವತ್ತೇಳು. ತಂದೆ ಕುಂದಾಪುರದ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿದವರು. ಮಗಳು ಡೊಂಬಿವಲಿಯಲ್ಲಿ ಹುಟ್ಟಿ ಮರಾಠಿ ಮಾಧ್ಯಮದಲ್ಲಿ ಓದಿದವರು. 2023ರಲ್ಲಿ ಪತಿಯ ಕಂಪನಿ ಅವರನ್ನು ಕಠ್ಮಂಡುವಿಗೆ ಕಳುಹಿಸಿತು. 1950ರ ಒಪ್ಪಂದದಿಂದಾಗಿ ಭಾರತೀಯರು ನೇಪಾಳದಲ್ಲಿ ವೀಸಾ ಇಲ್ಲದೆಯೇ ನೆಲೆಸಬಹುದು. ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗಲು ಒಂದು ಇಡೀ ರಾತ್ರಿ ಬೇಕು, ಕಠ್ಮಂಡುವಿಗೆ ವಿಮಾನದಲ್ಲಿ ಮೂರು ಗಂಟೆ ಸಾಕು. "ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರೇ ನಮ್ಮ ಕರ್ನಾಟಕದವರು, ಅದೆಂಥ ಪರದೇಶ?" ಎಂದು ಅತ್ತೆ ಧೈರ್ಯ ಹೇಳಿ ಕಳುಹಿಸಿದ್ದರು.

ಹದಿನಾಲ್ಕು ತಿಂಗಳ ಬಳಿಕ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬಂದವರು ಹಿಂತಿರುಗುವ ಟಿಕೆಟನ್ನು ಎರಡು ಬಾರಿ ಮುಂದೂಡಿದ್ದರು. ರಾತ್ರಿ ನಿದ್ರೆ ಇರಲಿಲ್ಲ, ಮಗಳ ಮೇಲೆ ವಿನಾಕಾರಣ ಸಿಟ್ಟು ಬರುತ್ತಿತ್ತು. ಖಿನ್ನತೆಯ ಲಕ್ಷಣಗಳಿವೆಯೇ ಎಂದು ಮೊದಲು ವಿಚಾರಿಸಿದೆ; ಊಟ, ಮನೆಗೆಲಸ, ಜನರೊಡನೆ ಮಾತು ಇವೆಲ್ಲ ಮುಂಬಯಿಯಲ್ಲಿ ಸರಿಯಾಗಿಯೇ ಇದ್ದುದರಿಂದ ಮನೋವೈದ್ಯರ ಬಳಿಗೆ ಕಳುಹಿಸುವ ಅಗತ್ಯ ಕೂಡಲೇ ಕಾಣಲಿಲ್ಲ.

ಮೊದಲ ಎರಡು ಭೇಟಿಗಳು ಚಿಕ್ಕಪುಟ್ಟ ದೂರುಗಳಲ್ಲಿ ಕಳೆದವು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಶಾಲೆಯ ಅರ್ಜಿಯಲ್ಲಿ ವಿಕ್ರಮ ಸಂವತ್ 2080 ಎಂದು ಬರೆಯಬೇಕು. ವಾರದ ರಜೆ ಆಗ ಶನಿವಾರವಿತ್ತು. ಆದ್ದರಿಂದ ಮುಂಬಯಿಯಲ್ಲಿ ಅಣ್ಣ, ಅತ್ತಿಗೆ, ಮಕ್ಕಳೆಲ್ಲ ಒಟ್ಟಾಗುವ ಭಾನುವಾರ ಸುಮತಿ ಒಬ್ಬರೇ ಮನೆಯಲ್ಲಿ ಕುಳಿತು ಫೋನಿನ ಪರದೆಯಲ್ಲಿ ಅವರ ಊಟವನ್ನು ನೋಡಬೇಕಿತ್ತು. ಹೀಗೆ ಒಂದೊಂದನ್ನು ಹೇಳಿದ ಮೇಲೂ "ಅದೇನು ದೊಡ್ಡ ವಿಷಯ ಅಲ್ಲ, ಬಿಡಿ ಮೇಡಂ" ಎಂದು ತಾವೇ ಅದನ್ನು ಅಳಿಸಿಬಿಡುತ್ತಿದ್ದರು. ಟೊರೊಂಟೊದಲ್ಲಿರುವ ನಾದಿನಿ ಅತ್ತರೆ ಎಲ್ಲರೂ ಸಮಾಧಾನ ಹೇಳುತ್ತಾರೆ, ತಾನು ಅತ್ತರೆ ನಗುತ್ತಾರೆ ಎಂಬುದೊಂದನ್ನು ಮಾತ್ರ ಅಳಿಸಲಿಲ್ಲ.

ಮೂರನೆಯ ಭೇಟಿಯಲ್ಲಿ ಮಗಳ ಶಾಲೆಯಿಂದ ಬಂದಿದ್ದ ಒಂದು ಸೂಚನಾಪತ್ರದ ಮಾತು ಬಂತು. ನೇಪಾಳಿಯ ಲಿಪಿ ದೇವನಾಗರಿಯಾದ್ದರಿಂದ ಸುಮತಿ ಅದನ್ನು ಎಲ್ಲಿಯೂ ತಡವರಿಸದೆ ಗಟ್ಟಿಯಾಗಿ ಓದಿದ್ದರು. ಓದಿ ಮುಗಿಸಿದಾಗ ಮಗಳು "ಅಂದ್ರೆ ಏನಮ್ಮಾ?" ಎಂದು ಕೇಳಿದ್ದಳು.

"ನನಗೆ ಓದಲಿಕ್ಕೆ ಬರ್ತದೆ ಮೇಡಂ, ಅರ್ಥ ಆಗುವುದಿಲ್ಲ. ಓದಲಿಕ್ಕೇ ಬಾರದಿದ್ರೆ ಯಾರ ಹತ್ರ ಆದ್ರೂ ಕೇಳ್ತಿದ್ದೆ. ಬರ್ತದಲ್ಲ, ಹಾಗಾಗಿ ಕೇಳಲಿಕ್ಕೆ ನಾಚಿಕೆ."

ಯಾರನ್ನು ಕೇಳಬಹುದಿತ್ತು ಎಂದೆ. ಬಹಳ ಹೊತ್ತು ಸುಮ್ಮನಿದ್ದು, ಮೇಲಿನ ಮಹಡಿಯ ಹೆಂಗಸಿನ ಸುದ್ದಿ ತೆಗೆದರು. ಮೊದಲ ಮೂರು ತಿಂಗಳು ಇಬ್ಬರದೂ ಒಳ್ಳೆಯ ಒಡನಾಟ. ಒಂದು ಸಂಜೆ ಚಹಾ ಕುಡಿಯುತ್ತ ಸುಮತಿ, "ನೇಪಾಳವೂ ನಮ್ಮ ಇಂಡಿಯಾದ ಹಾಗೆಯೇ, ಬೇರೆ ದೇಶ ಅಂತ ಅನ್ನಿಸುವುದೇ ಇಲ್ಲ" ಎಂದು ಮೆಚ್ಚಿಕೊಂಡು ಹೇಳಿದರು. ಆಕೆ ತುಸು ತಡೆದು, 2015ರ ಕಥೆ ಹೇಳಿದಳು. ಏಪ್ರಿಲ್‌ನಲ್ಲಿ ಭೂಕಂಪವಾಗಿತ್ತು, ಸೆಪ್ಟೆಂಬರಿನಿಂದ ತಿಂಗಳುಗಟ್ಟಲೆ ಭಾರತದ ಗಡಿಯಿಂದ ಸರಕು ಬರಲಿಲ್ಲ, ಅಡುಗೆ ಅನಿಲವಿಲ್ಲದೆ ಅತ್ತೆ ಸೊಸೆ ಇಬ್ಬರೂ ಮಾಳಿಗೆಯ ಮೇಲೆ ಕಟ್ಟಿಗೆ ಉರಿಸಿ ಅನ್ನ ಬೇಯಿಸಿದ್ದರು. ತಡೆದವರು ತಾವಲ್ಲವೆಂದು ಭಾರತ ಹೇಳಿತ್ತು, ಅಲ್ಲಿಯ ಜನ ಅದನ್ನು ನಂಬಿರಲಿಲ್ಲ. ಆ ಸಂಜೆಯ ಬಳಿಕ ಆಕೆ ಕೆಳಗಿಳಿದು ಬರಲಿಲ್ಲ. "ಅವರಿಗೆ ನಮ್ಮನ್ನು ಕಂಡ್ರೆ ಆಗುವುದಿಲ್ಲ" ಎಂಬ ತೀರ್ಮಾನಕ್ಕೆ ಸುಮತಿ ಬಂದಿದ್ದರು.

ಅವರ ತಂದೆಯ ವೃತ್ತಿ ನನಗೆ ನೆನಪಿತ್ತು. ಗಿರಾಕಿಗಳು 'ಮದ್ರಾಸಿ' ಎಂದು ಕರೆದರೆ ನಿಮ್ಮ ತಂದೆ ಏನು ಹೇಳುತ್ತಿದ್ದರು ಎಂದು ಕೇಳಿದೆ. 1966ರ ಆಸುಪಾಸಿನಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನು ಮುಂಬಯಿಯ ಹೋಟೆಲುಗಳಲ್ಲಿದ್ದ ಆ ತಲೆಮಾರು ಕಿವಿಯಾರೆ ಕೇಳಿತ್ತು. ತುಳುವರು, ಕನ್ನಡಿಗರು, ತಮಿಳರು, ಮಲಯಾಳಿಗಳು ಎಲ್ಲರಿಗೂ ಆಗ ಒಂದೇ ಹೆಸರು. ಸುಮತಿ ನಕ್ಕರು. "ಅಪ್ಪ ಯಾರನ್ನೂ ಬಿಡ್ತಿರಲಿಲ್ಲ. ಪ್ರೀತಿಯಿಂದ ಕರೆದವರಿಗೂ 'ಮದ್ರಾಸಿ ಅಲ್ಲ, ನಾನು ಕುಂದಾಪುರದವ' ಅಂತ ಹೇಳ್ತಿದ್ರು." ಹೇಳಿ ಮುಗಿಸುವಷ್ಟರಲ್ಲಿ ಮುಖದ ನಗು ಮಾಯವಾಗಿತ್ತು. "ನಾನು ಹೊಗಳಿದ್ದು ಅಂತ ತಿಳಿದಿದ್ದೆ ಮೇಡಂ" ಎಂದವರು, ಅಂದು ಮೊದಲ ಬಾರಿಗೆ ಸಂಕೋಚವಿಲ್ಲದೆ ಅತ್ತರು.

ಎರಡು ದಿನಗಳ ಬಳಿಕ ಅವರ ತಾಯಿ ನನಗೆ ಫೋನ್ ಮಾಡಿ, ಮನಸ್ಸು ಹಗುರ ಮಾಡಿರೆಂದು ಕಳುಹಿಸಿದರೆ ತಪ್ಪೆಲ್ಲ ಮಗಳದೇ ಎಂದಿರಂತಲ್ಲ ಎಂದು ನೊಂದು ಕೇಳಿದರು. ತಪ್ಪು ಹೊರಿಸುವುದು ನನ್ನ ಉದ್ದೇಶವಾಗಿರಲಿಲ್ಲ, ಇಂದಿಗೂ ಆ ಪ್ರಶ್ನೆ ಕೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಊರಿಗೆ ಊರೇ ತನ್ನನ್ನು ದ್ವೇಷಿಸುತ್ತದೆಂದು ನಂಬಿದವಳಿಗೆ ಬಾಗಿಲು ಹಾಕಿಕೊಂಡು ಕೂರುವುದರ ಹೊರತು ಬೇರೇನೂ ಉಳಿಯುವುದಿಲ್ಲ. ತಾನು ಆಡಿದ ಒಂದು ಮಾತು ಎದುರಿನವರಿಗೆ ಬೇರೆ ರೀತಿ ಕೇಳಿಸಿತೆಂದು ತಿಳಿದವಳಿಗೆ ಇನ್ನೊಂದು ಮಾತು ಆಡುವ ಅವಕಾಶ ಉಳಿದಿರುತ್ತದೆ. ಕನ್ನಡದಲ್ಲಿ ದಿಕ್ಕಿಲ್ಲದವರನ್ನೂ ಪರದೇಶಿ ಎನ್ನುತ್ತೇವಾದ್ದರಿಂದಲೋ ಏನೋ, ಮಗಳು ಪರದೇಶದಲ್ಲಿದ್ದಾಳೆಂದು ಒಪ್ಪಲು ಮನೆಯವರಿಗೆ ಮನಸ್ಸಾಗುವುದಿಲ್ಲ. ಒಪ್ಪಿದ್ದರೆ, ಹೊಸ ದೇಶಕ್ಕೆ ಹೋದ ಯಾರಿಗೂ ಸಲ್ಲುವ ಕಲಿಕೆಯ ಕಾಲ ಸುಮತಿಗೂ ಸಿಗುತ್ತಿತ್ತು.

ಆದ್ದರಿಂದ ನಾನು ಮೊದಲು ಕೊಟ್ಟ ಸಲಹೆ, ಅದು ಬೇರೆ ದೇಶವೆಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುವುದು, ಪತಿಯೂ ಹಾಗೆ ಹೇಳುವುದು. ಹಿಂದಿಯಲ್ಲೇ ಕಚೇರಿ ನಡೆಸುತ್ತಿದ್ದ ಅವರಿಗೆ ಇದು ಹೊಳೆದಿರಲಿಲ್ಲ. ಫೋನಿನಲ್ಲಿ ಮೂವರೂ ಕೂಡಿ ಮಾತಾಡಿದೆವು. ಎರಡನೆಯದು, ವಾರಕ್ಕೆ ಮೂರು ದಿನ ಸಂಬಳ ಕೊಟ್ಟು ನೇಪಾಳಿ ಪಾಠ ಹೇಳಿಸಿಕೊಳ್ಳುವುದು. ಪಾಠ ಸಂಬೋಧನೆಗಳಿಂದ ಶುರುವಾಗಲಿ ಎಂದೆ. ಮುಂಬಯಿಯ ಹಿಂದಿಯಲ್ಲಿ ಎಲ್ಲರಿಗೂ 'ತುಮ್' ಎನ್ನುವ ರೂಢಿ ನಮಗೆ. ಅಲ್ಲಿ 'ತಪಾಈಂ' ಎನ್ನಬೇಕಾದಲ್ಲಿ 'ತಿಮೀ' ಎಂದರೆ, ಕನ್ನಡದಲ್ಲಿ ಅಪರಿಚಿತ ಹಿರಿಯರನ್ನು 'ನೀನು' ಎಂದಷ್ಟೇ ಒರಟು. ಅಂಗಡಿಯವಳನ್ನು 'ದೀದಿ' ಎಂದು ಕರೆಯುವುದು ನಮ್ಮಲ್ಲಿ ಅಕ್ಕ ಎಂದಂತೆಯೇ. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಾಡುತ್ತಿದ್ದ ವಿಡಿಯೊ ಕರೆ ಒಂದಕ್ಕಿಳಿಯಲಿ ಎಂದೆ. ಮೇಲಿನ ಮಹಡಿಯಾಕೆಯ ಕ್ಷಮೆ ಕೇಳಲು ಹೋಗಬೇಡಿ, ಆ ಕ್ಷಮೆಯನ್ನು ಸ್ವೀಕರಿಸುವ ಭಾರವೂ ಆಕೆಯ ಮೇಲೆಯೇ ಬೀಳುತ್ತದೆ, ಅದರ ಬದಲು ಅರ್ಥವಾಗದ ಒಂದು ಕಾಗದ ಹಿಡಿದು ಹೋಗಿ ಎಂದೆ. ವರ್ಗಾವಣೆಯ ಮಾತು ಆರು ತಿಂಗಳ ನಂತರ ಆಗಲಿ ಎಂದೂ ಹೇಳಿದೆ.

ಮಗಳ ಮುಖ ನೋಡಿಕೊಂಡು ಹೊಂದಿಕೊಂಡು ಹೋಗೆಂದು ನಾನು ಬುದ್ಧಿ ಹೇಳಬೇಕೆಂಬುದು ಮನೆಯವರ ಅಪೇಕ್ಷೆಯಾಗಿತ್ತು. ಆ ಮಾತನ್ನು ನಾನು ಯಾವ ಹೆಣ್ಣುಮಗಳಿಗೂ ಹೇಳುವುದಿಲ್ಲ.

ಸುಮತಿ ಹಿಂತಿರುಗಿದರು. ಮುಂದಿನ ಫೆಬ್ರವರಿಯಲ್ಲಿ ಮಾತಾಡಿದಾಗ ನಿದ್ರೆ ಸುಧಾರಿಸಿತ್ತು. ಭಾನುವಾರ ಇನ್ನೂ ಕಷ್ಟವೆಂದರು. ನೀರಿನ ಬಿಲ್ಲನ್ನು ಹಿಡಿದು ಮೇಲಿನ ಮಹಡಿಗೆ ಹೋಗಿದ್ದರಂತೆ. ಆಕೆ ಬಾಗಿಲಲ್ಲೇ ನಿಂತು ಸಾಲುಸಾಲಾಗಿ ಅರ್ಥ ಹೇಳಿದಳು, ಒಳಗೆ ಕರೆಯಲಿಲ್ಲ. ಎರಡನೆಯ ಬಾರಿ ಹೋದಾಗ ಇವರ ನೇಪಾಳಿಯಲ್ಲಿದ್ದ ಒಂದು ತಪ್ಪನ್ನು ತಿದ್ದಿದಳು. ವರ್ಗಾವಣೆಗೆ ಅರ್ಜಿ ಹಾಕುವುದೆಂದು ಗಂಡ ಹೆಂಡತಿ ಇಬ್ಬರೂ ನಿರ್ಧರಿಸಿದ್ದಾರೆ; ಮಗಳ ಶಾಲೆಯ ವರ್ಷ ಮುಗಿಯುವವರೆಗೆ ಪಾಠ ಮುಂದುವರಿಸುತ್ತೇನೆಂದು ಸುಮತಿ ಹೇಳಿದರು.