ಸಂಪಾದಕರ ಉತ್ತರ: ಸುಮ್ಮನಿರುವುದೇ ನಂಬಿಕೆಯೇ?

ಕರ್ತನಲ್ಲಿ ಪ್ರಿಯ ಸಹೋದರಿಯವರಿಗೆ ವಂದನೆಗಳು.

ನಿಮ್ಮ ನಾಲ್ಕು ಪುಟದ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ವಿಷಯವನ್ನಷ್ಟೇ ಹೇಳುತ್ತೇನೆ. 11 ವರ್ಷ ನೀವು ಲೆಕ್ಕ ಬರೆದ ಕಡೆ ಹಣ ಕಡಿಮೆ ಬಂತು. ನಿಮ್ಮ ಸಹಿಯನ್ನು ಬೇರೆ ಯಾರೋ ಹಾಕಿದ್ದರು. ಕಳ್ಳತನದ ಹೆಸರು ನಿಮಗೆ ಬಂತು, ಕೆಲಸ ಹೋಯಿತು. ಮೇಲ್ಮನವಿ ಹಾಕುತ್ತೇನೆಂದಾಗ ಸಭೆಯ ಹಿರಿಯರು, "ಎಲ್ಲಾ ದೇವರ ಚಿತ್ತ, ಸುಮ್ಮನಿರಮ್ಮ. ನಂಬಿಕೆ ಇರೋರು ಹೀಗೆಲ್ಲ ಅಲೆಯಬಾರದು" ಎಂದರು. ಪ್ರಾರ್ಥನಾ ಕೂಟದಲ್ಲಿ ಒಬ್ಬರು, "ಈ ಮಗಳಿಗೆ ಪಶ್ಚಾತ್ತಾಪದ ಮನಸ್ಸು ಕೊಡು ಸ್ವಾಮಿ" ಎಂದು ಪ್ರಾರ್ಥಿಸಿದರು. "ಎಲ್ಲರೂ ಆಮೆನ್ ಅಂದರು. ನಾನೂ ಅನ್ನಬೇಕಿತ್ತೇ?" ಎಂದು ಕೇಳಿದ್ದೀರಿ.

ಅನ್ನಬೇಕಿರಲಿಲ್ಲ. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ದೀನತೆಯಲ್ಲ, ಅದೂ ಒಂದು ಸುಳ್ಳೇ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂದು ಆಜ್ಞೆ ಕೊಟ್ಟ ದೇವರು ನಿಮ್ಮ ಮೇಲಿನ ಸುಳ್ಳುಸಾಕ್ಷಿಗೆ ಮೆಚ್ಚುತ್ತಾನೆಯೇ?

ಯೆರೆಮೀಯನ ಪುಸ್ತಕದ 37, 38ನೇ ಅಧ್ಯಾಯಗಳನ್ನು ನಿಧಾನವಾಗಿ ಓದಿ. ಶತ್ರುಗಳ ಕಡೆ ಸೇರಿಕೊಳ್ಳುತ್ತಿದ್ದಾನೆಂದು ಪ್ರವಾದಿಯ ಮೇಲೆ ಸುಳ್ಳು ಹೊರಿಸಿ, ಹೊಡೆದು, ಸೆರೆಮನೆ ಮಾಡಿಕೊಂಡಿದ್ದ ಒಂದು ಮನೆಯಲ್ಲಿಟ್ಟರು. ಅವನು ಸುಮ್ಮನಿರಲಿಲ್ಲ. ಅರಸ ಚಿದ್ಕೀಯನನ್ನು, ನಿನಗಾಗಲಿ ನಿನ್ನ ಜನಕ್ಕಾಗಲಿ ನಾನು ಮಾಡಿದ ತಪ್ಪೇನು ಎಂದು ನೇರವಾಗಿ ಕೇಳಿದ. ಮತ್ತೆ ಆ ಮನೆಗೆ ಕಳಿಸಬೇಡ, ಅಲ್ಲಿ ಸತ್ತೇಹೋಗುತ್ತೇನೆ ಎಂದು ಬೇಡಿಕೊಂಡ. ಇದು ಮೇಲ್ಮನವಿಯಲ್ಲದೆ ಮತ್ತೇನು?

ಆಮೇಲೆ ಅವನನ್ನು ಬಾವಿಗಿಳಿಸಿದರು. ನೀರಿರಲಿಲ್ಲ, ಬರೀ ಕೆಸರು, ಅದರಲ್ಲಿ ಹೂತುಹೋದ. ಅಧಿಕಾರಿಗಳೆದುರು ತನ್ನ ಕೈಯಲ್ಲಿ ಏನೂ ಆಗದೆಂದು ಅರಸನೇ ಹಿಂದೆ ಸರಿದಿದ್ದ. ಆಗ ಮುಂದೆ ಬಂದವನು ಎಬೆದ್ಮೆಲೆಕ. ಈಜಿಪ್ಟಿನ ದಕ್ಷಿಣಕ್ಕಿದ್ದ ಕೂಷ್ ದೇಶದವನು, ಅರಮನೆಯ ಕಂಚುಕಿ, ಅಂದರೆ ಅರಸನ ಮನೆಯ ಸೇವಕ. ಅರಸನ ಬಳಿಗೇ ಹೋಗಿ, ಈ ಜನರು ಪ್ರವಾದಿಗೆ ಮಾಡಿದ್ದು ಕೆಟ್ಟದ್ದು ಎಂದ. ಅಪ್ಪಣೆ ಸಿಕ್ಕಿತು, ಜೊತೆಗೆ 30 ಜನ. ಆದರೆ ನೆಟ್ಟಗೆ ಬಾವಿಗೆ ಹೋಗದೆ, ಮೊದಲು ಅರಮನೆಯ ಉಗ್ರಾಣಕ್ಕೆ ಹೋಗಿ ಹಳೇ ಹರಕು ಬಟ್ಟೆಗಳನ್ನು ಆರಿಸಿ ತಂದ. ಹಗ್ಗದ ಜೊತೆ ಅವನ್ನೂ ಇಳಿಬಿಟ್ಟು, ಕಂಕುಳಿಗೆ ಇಟ್ಟುಕೊಂಡು ಆಮೇಲೆ ಹಗ್ಗ ಹಾಕಿಕೋ ಎಂದು ಮೇಲಿಂದ ಹೇಳಿದ. ಸೊರಗಿದ ಮೈಗೆ ಹಗ್ಗ ಕೊಯ್ಯುತ್ತದೆಂದು ಅವನಿಗೆ ಹೊಳೆದಿತ್ತು! ಈ ಹರಕು ಬಟ್ಟೆಯ ಮಾತು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

39ನೇ ಅಧ್ಯಾಯದ ಕೊನೆಯಲ್ಲಿ ದೇವರು ಇವನ ಬಗ್ಗೆ ಏನು ಹೇಳುತ್ತಾನೆ ನೋಡಿ. ನೀನು ನನ್ನಲ್ಲಿ ಭರವಸವಿಟ್ಟದ್ದರಿಂದ ನಿನ್ನ ಪ್ರಾಣ ಉಳಿಯುವುದು ಎನ್ನುತ್ತಾನೆ. ಅರಸನೆದುರು ಬಾಯಿಬಿಟ್ಟವನನ್ನು, ಹಗ್ಗ ಹಿಡಿದವನನ್ನು ದೇವರು ಭರವಸವಿಟ್ಟವನೆಂದು ಕರೆದ. ಹಾಗಿರುವಾಗ ನಿಮ್ಮ ಅರ್ಜಿಯನ್ನು ಅಪನಂಬಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಒಂದು ಕಾಲದಲ್ಲಿ ಬಂದಿತ್ತು. ಹೀಗೇ ನೊಂದು ಬಂದ ಸಹೋದರರೊಬ್ಬರಿಗೆ ನಾನೂ "ಸುಮ್ಮನಿರಿ, ದೇವರು ನೋಡಿಕೊಳ್ಳುತ್ತಾನೆ" ಅಂದಿದ್ದೆ. ಅವರು ತಲೆಯಾಡಿಸಿ ಎದ್ದುಹೋದರು, ಮತ್ತೆ ಆರಾಧನೆಗೆ ಬರಲಿಲ್ಲ. ಅಂದು ಅವರಿಗೆ ಬೇಕಿದ್ದದ್ದು ಜೊತೆಗೆ ಬರುವ ಒಬ್ಬ ಮನುಷ್ಯ. ದೇವರ ಹೆಸರು ಹೇಳಿ ನಾನು ತಪ್ಪಿಸಿಕೊಂಡೆ.

ಮೊಣಕಾಲೂರಿದರೆ ದೇವರ ಮೇಲೇ ಸಿಟ್ಟು ಬರುತ್ತದೆ ಎಂದೂ ಬರೆದಿದ್ದೀರಿ. ಆ ಸಿಟ್ಟನ್ನು ಅವನೆದುರೇ ಆಡಿಬಿಡಿ. 13ನೇ ಕೀರ್ತನೆಯ ಮೊದಲ ಎರಡೇ ವಚನಗಳಲ್ಲಿ ಎಷ್ಟರವರೆಗೆ ಎಂಬ ಮೊರೆ ನಾಲ್ಕು ಸಲ ಬರುತ್ತದೆ. ಕೂಗು ಅವನ ಕಡೆಗೇ ಇರುವ ತನಕ ನೀವು ಅವನನ್ನು ಬಿಟ್ಟಿಲ್ಲ.

ಇನ್ನು ಕ್ಷಮೆ. ಕ್ಷಮಿಸಿದರೆ ದಾಖಲೆ ತೋರಿಸಬಾರದೆಂದು ಎಲ್ಲೂ ಇಲ್ಲ. ಸೇಡು ಮಾತ್ರ ನಮ್ಮದಲ್ಲ. ಮಹಾಯಾಜಕನೆದುರು ಆಳೊಬ್ಬ ಕೆನ್ನೆಗೆ ಹೊಡೆದಾಗ, ನಾನು ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಯೇಸು ಕೇಳಿದ. ಅದೇ ಯೇಸು ನ್ಯಾಯವಾಗಿ ತೀರ್ಪು ಮಾಡುವಾತನಿಗೆ ತನ್ನನ್ನು ಒಪ್ಪಿಸಿಕೊಟ್ಟ ಎಂದು ಪೇತ್ರ ಬರೆಯುತ್ತಾನೆ. ಕೇಳಿದ್ದೂ ಅವನೇ, ಒಪ್ಪಿಸಿಕೊಟ್ಟದ್ದೂ ಅವನೇ.

ಮನವಿ ಗೆದ್ದೇ ಗೆಲ್ಲುತ್ತದೆಂದು ನಾನು ಮಾತು ಕೊಡಲಾರೆ. ಬಾವಿಯಿಂದ ಮೇಲೆ ಬಂದ ಯೆರೆಮೀಯನಿಗೂ ಬಿಡುಗಡೆ ಸಿಗಲಿಲ್ಲ. ಯೆರೂಸಲೇಮ್ ಶತ್ರುವಶವಾಗುವ ತನಕ ಸೆರೆಮನೆಯ ಅಂಗಳದಲ್ಲೇ ಇದ್ದ. ತೀರ್ಪು ನಿಮ್ಮ ಕಡೆ ಬರದಿದ್ದರೆ ಮತ್ತೆ ನನಗೆ ಬರೆಯಿರಿ. ಆ ಪತ್ರಕ್ಕೂ ಉತ್ತರ ಬರೆಯುತ್ತೇನೆ.

ಮನವಿಗೆ ಈ ತಿಂಗಳ 28 ಕೊನೇ ದಿನ ಎಂದಿದ್ದೀರಿ. ಹಳೇ ಲೆಕ್ಕದ ಪುಸ್ತಕಗಳಲ್ಲಿ ನಿಮ್ಮ ನಿಜವಾದ ಸಹಿ ಇರುವ ಪುಟಗಳ ಪ್ರತಿ ಕೇಳಿ ಪಡೆಯಿರಿ. ಇದನ್ನು ಓದುತ್ತ, ಇದು ನಮ್ಮ ಸಭೆಯ ಸಹೋದರಿಯೇ ಎಂದು ಗುರುತು ಹಿಡಿದವರಿಗೆ ನನ್ನದೊಂದು ಬೇಡಿಕೆ: ಅರ್ಜಿ ಕೊಡುವ ದಿನ ನಿಮ್ಮಲ್ಲಿ ಒಬ್ಬರಾದರೂ ಅವರ ಜೊತೆ ಹೋಗಿ. ಹೊರಗಿನ ಬೆಂಚಿನ ಮೇಲೆ ಅವರು ಒಬ್ಬರೇ ಕಾಯುವ ಹಾಗಾಗದಿರಲಿ.