ರೇಡಿಯೇಟರ್‌ಗೆ ನೀರು ಸುರಿಯುವ ಮುನ್ನ

ಸಕಲೇಶಪುರದಿಂದ ಕೆನಡಾದ ವಿನ್ನಿಪೆಗ್‌ಗೆ ಬಂದು ಎರಡು ತಿಂಗಳಾದ ನೀವು ಕೇಳಿದ್ದೀರಿ: ಕಾರಿನ ಹೀಟರ್ ತಣ್ಣನೆಯ ಗಾಳಿ ಬಿಡುತ್ತಿದೆ, ಅದೇ ಹೊತ್ತಿಗೆ ಎಂಜಿನ್ನಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆಯತ್ತ ಏರುತ್ತಿದೆ, ರೇಡಿಯೇಟರ್‌ಗೆ ನೀರು ತುಂಬಿಸಿದರೆ ಸಾಕೇ, ಚಳಿಗಾಲದ ಟೈರ್ ಬೇಕೇ ಎಂದು. ಟೈರ್ ಬೇಕು, ಈ ವಾರವೇ ಹಾಕಿಸಿ. ನೀರನ್ನು ಮಾತ್ರ ದಯವಿಟ್ಟು ಹಾಕಬೇಡಿ.

ತಣ್ಣನೆಯ ಗಾಳಿ, ಏರುವ ಮುಳ್ಳು ಇವೆರಡೂ ಒಟ್ಟಿಗೆ ಬಂದಾಗ ಮೂಲ ಸಾಮಾನ್ಯವಾಗಿ ಒಂದೇ ಇರುತ್ತದೆ. ಎಂಜಿನ್ನಿನ ಬಿಸಿಯನ್ನು ಹೊತ್ತ ಕೂಲಂಟ್ ಎಂಬ ದ್ರವ, ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿನಲ್ಲಿ ಹರಿದಾಗಲೇ ನಮಗೆ ಬೆಚ್ಚನೆಯ ಗಾಳಿ ಸಿಗುವುದು. ಕೂಲಂಟ್ ಸೋರಿ ಕಡಿಮೆಯಾದರೆ, ಒಳಗೆ ಗಾಳಿ ಸೇರಿಕೊಂಡರೆ ಅಥವಾ ವಾಟರ್ ಪಂಪ್ ಕೆಟ್ಟರೆ ಅದು ಅಲ್ಲಿಗೆ ತಲುಪುವುದಿಲ್ಲ; ಹೊರಗೆ ಎಷ್ಟೇ ಹಿಮವಿದ್ದರೂ ಬಿಸಿ ಎಂಜಿನ್ನಿನಲ್ಲೇ ಉಳಿಯುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕೂಲಂಟ್ ಮಟ್ಟ ನೋಡಿ. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಮಟ್ಟ ಸರಿಯಿದ್ದೂ ಮುಳ್ಳು ಏರಿ, ರೇಡಿಯೇಟರಿನ ಹೋಸ್ ತಣ್ಣಗೇ ಇದ್ದರೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಬಿದ್ದಿರಬಹುದು. ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಎಂಜಿನ್ನಿನೊಳಗೆ ಆಯಿಲ್ ಮತ್ತು ಕೂಲಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ, ಮತ್ತೆ ಸ್ಟಾರ್ಟ್ ಮಾಡಬೇಡಿ.

ನಾನು ಮೂಡಿಗೆರೆಯವನು. ಚಾರ್ಮಾಡಿ ಘಾಟಿ ಹತ್ತಿದ ಜೀಪು ಕೊಟ್ಟಿಗೆಹಾರದಲ್ಲಿ ಹಬೆಯಾಡುತ್ತಾ ನಿಂತಾಗ, ಒದ್ದೆ ಗೋಣಿಚೀಲ ಹಿಡಿದು ಮುಚ್ಚಳ ತಿರುಗಿಸಿ ಕ್ಯಾನಿನ ನೀರು ಸುರಿಯುತ್ತಿದ್ದ ಅಪ್ಪನನ್ನು ನೋಡಿ ಬೆಳೆದವನು. ಇಲ್ಲಿನ ನನ್ನ ಮೊದಲ ಚಳಿಗಾಲದಲ್ಲಿ, ಅವರು ಆ ವರ್ಷದ ಕಾಳುಮೆಣಸು ಮಾರಿ ಕಳಿಸಿದ ಹಣದಿಂದ ಕೊಂಡ ಹಳೆಯ ಕಾರಿಗೆ ಇದೇ ತೊಂದರೆ ಬಂದಾಗ, ವಾರವಿಡೀ ಅಡುಗೆಮನೆಯ ನಲ್ಲಿಯಿಂದ ಬಾಟಲಿಗಟ್ಟಲೆ ನೀರು ಹಿಡಿದು ತುಂಬಿಸಿದೆ. ಕೂಲಂಟ್ ಸೋರಿಹೋಗಿ, ಕೊನೆಗೆ ಒಳಗೆ ಉಳಿದದ್ದು ಬಹುಪಾಲು ನೀರೇ. ಒಂದು ರಾತ್ರಿ ಮೈನಸ್ 30 ಡಿಗ್ರಿಗೆ ಇಳಿಯಿತು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ ಎಂದು ನಾನು ಶಾಲೆಯಲ್ಲಿ ಓದಿದ್ದೆ. ಬೆಳಿಗ್ಗೆ ಬಾನೆಟ್ ಎತ್ತಿದರೆ ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಗೇಣುದ್ದದ ಬಿರುಕು, ಅದರುದ್ದಕ್ಕೂ ತಿಳಿಹಸಿರು ಮಂಜುಗಡ್ಡೆ.

ಕಾರು ಗುಜರಿಗೆ ಹೋಯಿತು. ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪ, “ಕಾರು ಚೆನ್ನಾಗಿ ಓಡ್ತಾ ಇದೆಯೇನೋ?” ಎಂದು ಕೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. ನಿಜ ತಿಳಿಯದೆಯೇ ಅವರು ತೀರಿಕೊಂಡರು. ಹೇಳಿದ್ದರೆ ಬೈದು ಸುಮ್ಮನಾಗುತ್ತಿದ್ದರು ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ನಿಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿರುವ ಬಗೆಯ ಕೂಲಂಟನ್ನೇ, ಅರ್ಧಕ್ಕರ್ಧ ನೀರು ಬೆರೆಸಿ ಮಾರುವ ಡಬ್ಬಿಯನ್ನೇ ಕೊಳ್ಳಿ. ಕೂಲಂಟಿನ ಮುಖ್ಯ ವಸ್ತುವಾದ ಎಥಿಲೀನ್ ಗ್ಲೈಕಾಲ್‌ನ ಆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಅದು ಸಿಹಿಯಾದ ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. ನೀವು ಈಗಾಗಲೇ ನೀರು ಸುರಿದಿದ್ದರೆ ಗ್ಯಾರೇಜಿನವರ ಹತ್ತಿರ ಸಂಕೋಚವಿಲ್ಲದೆ ಹೇಳಿ, ಇವತ್ತೇ ಪೂರ್ತಿ ಖಾಲಿ ಮಾಡಿಸಿ ಹೊಸದನ್ನು ತುಂಬಿಸಿ. ಕಾರನ್ನು ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.