ಮುತ್ತಜ್ಜನ ಸಾಹಿತ್ಯಿಕ ಪತ್ರಗಳು ಪತ್ರಾಗಾರದಲ್ಲಿವೆ ಎಂದು ತಿಳಿದಿದೆ. ನೋಡಲು ಹೋಗುವಾಗ ಏನೇನು ಗಮನಿಸಬೇಕು?

ಪತ್ರ ಉಳಿಯುವುದು ಬರೆದವರ ಬಳಿ ಅಲ್ಲ, ಪಡೆದವರ ಬಳಿ. ಹಾಗಾಗಿ ಮುತ್ತಜ್ಜನ ಸಂಗ್ರಹ ಸಿಕ್ಕಿದ್ದರೆ ಅದರಲ್ಲಿ ಬಹುಪಾಲು ಇತರರು ಅವರಿಗೆ ಬರೆದದ್ದೇ ಇರುತ್ತದೆ. ಅವರ ಸ್ವಂತ ಮಾತು ಬೇಕಿದ್ದರೆ ಆ ಲೇಖಕರ, ಪ್ರಕಾಶಕರ, ಪತ್ರಿಕಾ ಸಂಪಾದಕರ ಸಂಗ್ರಹಗಳನ್ನು ಹುಡುಕಿ. ಸೂಚಿಯಲ್ಲಿ ಹೆಸರು ಕಾಣದಿದ್ದರೂ ನಿರಾಶರಾಗಬೇಡಿ: ಹೆಚ್ಚು ಪ್ರಸಿದ್ಧರಲ್ಲದವರ ಪತ್ರಗಳು 'ಇತರೆ' ಎಂಬ ಫೋಲ್ಡರಿನಲ್ಲಿ ಅಡಗಿರುತ್ತವೆ. ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನೂ ಹಾಕಿ ನೋಡಿ. ಕೆಲವರು ತಾವು ಕಳಿಸಿದ್ದರ ಪ್ರತಿ ಇಟ್ಟುಕೊಳ್ಳುತ್ತಿದ್ದರು. ಜೇಮ್ಸ್ ವಾಟ್ 1780ರಲ್ಲಿ ಪೇಟೆಂಟ್ ಪಡೆದ, ಪತ್ರದ ನಕಲು ತೆಗೆಯುವ ಒತ್ತುಯಂತ್ರದ ಪ್ರತಿಗಳು ತೆಳು ಕಾಗದದ ಮೇಲೆ ತಿರುವುಮುರುವಾಗಿ ಮೂಡುತ್ತವೆ, ಅವನ್ನು ಹಿಂಬದಿಯಿಂದ ಓದಬೇಕು.

ಹೋಗುವ ಮೊದಲೇ ಪೆಟ್ಟಿಗೆ ಸಂಖ್ಯೆ ತಿಳಿಸಿ ಅನುಮತಿ ಕೇಳಿ, ಏಕೆಂದರೆ ಕೆಲವು ಪೆಟ್ಟಿಗೆಗಳನ್ನು ಬೇರೆ ಕಟ್ಟಡದಿಂದ ತರಿಸಬೇಕಾಗುತ್ತದೆ. ಒಳಗೆ ಪೆನ್ಸಿಲ್ ಮಾತ್ರ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಕೈಗವಸು ಹಾಕಿದರೆ ಬೆರಳಿಗೆ ಕಾಗದದ ಅಂಚು ತಿಳಿಯದೆ ಹರಿಯುತ್ತದೆ. ಕೈಗವಸು ಬೇಕಾಗುವುದು ಸಂಗ್ರಹದಲ್ಲಿನ ಫೋಟೊಗಳನ್ನು ಮುಟ್ಟುವಾಗ. ತುಕ್ಕು ಹಿಡಿದ ಗುಂಡುಸೂಜಿ ಕಂಡರೆ ನೀವೇ ಕೀಳಬೇಡಿ, ಸಿಬ್ಬಂದಿಯನ್ನು ಕರೆಯಿರಿ. ದಿನಾಂಕದ ಪ್ರಕಾರ ಜೋಡಿಸಿಡೋಣ ಎಂದು ಹಾಳೆಗಳ ಕ್ರಮವನ್ನಂತೂ ಬದಲಿಸಲೇಬೇಡಿ; ಯಾವುದರ ಪಕ್ಕ ಯಾವುದಿತ್ತು ಎಂಬುದೇ ಒಂದು ಸಾಕ್ಷಿ.

ಫೋಟೊ ತೆಗೆಯುವಾಗ ಹೆಚ್ಚಿನವರು ಎಡವುತ್ತಾರೆ. ಪತ್ರ ಕಂಡ ಸಂತೋಷದಲ್ಲಿ ನೂರಾರು ಚಿತ್ರ ತೆಗೆಯುತ್ತಾರೆ, ಮನೆಗೆ ಬಂದ ಮೇಲೆ ಯಾವುದು ಯಾವ ಫೋಲ್ಡರಿನದು ಎಂದು ತಿಳಿಯುವುದಿಲ್ಲ. ಮೊದಲು ಪೆಟ್ಟಿಗೆಯ ಚೀಟಿ, ಆಮೇಲೆ ಫೋಲ್ಡರಿನ ಚೀಟಿ, ಆಮೇಲೆ ಪತ್ರದ ಎರಡೂ ಬದಿ, ಖಾಲಿ ಬದಿಯೂ ಸೇರಿ. ಲಕೋಟೆ ಬಿಡಬೇಡಿ. ಫ್ಲಾಶ್ ಬಳಸಬೇಡಿ.

ಬರೇ 'ಮಂಗಳವಾರ' ಎಂದು ಬರೆದ ಪತ್ರಗಳಿಗೆ ಅಂಚೆ ಮುದ್ರೆ ನೆರವಾಗುತ್ತದೆ, ಆದರೆ ಲಕೋಟೆಗಳು ಅದಲುಬದಲಾಗಿರುವುದುಂಟು. ಒಳಗೆ ಪ್ರಸ್ತಾಪವಾದ ಪುಸ್ತಕ ಅಥವಾ ಘಟನೆಯೊಂದಿಗೆ ತಾಳೆ ನೋಡಿ. ಹಳೆಯ ಇಂಗ್ಲಿಷ್ ಪತ್ರಗಳಲ್ಲಿ ಇನ್ನೊಂದು ತೊಡಕಿದೆ: ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಫೆಬ್ರವರಿಯ ಪತ್ರದ ಇಸವಿ ನಮ್ಮ ಲೆಕ್ಕಕ್ಕಿಂತ ಒಂದು ಕಡಿಮೆ ಇರಬಹುದು.

ಪ್ರಕಟಿಸುವ ಆಸೆಯಿದ್ದರೆ ಇದನ್ನು ನೆನಪಿಡಿ. ಕಾಗದ ಪತ್ರಾಗಾರದ್ದು, ಅದರಲ್ಲಿನ ಮಾತು ಬರೆದವರ ವಾರಸುದಾರರದ್ದು. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಪ್ರಕಾರ ಆ ಹಕ್ಕು ಲೇಖಕರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಉಳಿಯುತ್ತದೆ, ಹಲವು ದೇಶಗಳಲ್ಲಿ ಇನ್ನೂ ಹೆಚ್ಚು. ಮುತ್ತಜ್ಜನಿಗೆ ಬಂದ ಪತ್ರ ಎಂದ ಮಾತ್ರಕ್ಕೆ ಅದನ್ನು ಅಚ್ಚು ಹಾಕುವ ಹಕ್ಕು ನಿಮಗೆ ಬರುವುದಿಲ್ಲ. ಆ ಲೇಖಕರ ಮನೆಯವರಿಗೊಂದು ಪತ್ರ ಬರೆಯಿರಿ. ಸಂಭಾಷಣೆಯ ಉಳಿದರ್ಧ ಅವರ ಕಪಾಟಿನಲ್ಲೇ ಇದ್ದರೂ ಇರಬಹುದು.